ಕೂರುವ ಹಕ್ಕು

ದುಡಿಯುವವರಿಗೆ ಕೂರಲೊಂದು ಸ್ಟೂಲು ಬೇಕೆಂಬುದನ್ನೂ ಕಾನೂನು ಮಾಡಿ ಹೇಳಬೇಕಾಯಿತು. ನಾಚಿಕೆಗೇಡಿನ ಮಾತು, ಆದರೂ ನಿಜ. ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ನಿಂತೇ ಇರಬೇಕಾಗಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿರಲಿಲ್ಲ. ಹೊಲಿಗೆ ಕೆಲಸದ ಪಿ. ವಿಜಿ ಎಂಬಾಕೆ ‘ಪೆಣ್‌ಕೂಟ್ಟ್’ ಎಂಬ ಸಂಘ ಕಟ್ಟಿ ಅವರನ್ನು ಒಗ್ಗೂಡಿಸಿದರು. ವರ್ಷಗಳ ಹೋರಾಟದ ಮೇಲೆ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯಿದೆಯನ್ನು ತಿದ್ದಿ ಆಸನವನ್ನು ಕಡ್ಡಾಯ ಮಾಡಿದವು.

ಕಾರ್ಖಾನೆಗಳಿಗೆ ಇದು ಹೊಸದಲ್ಲ. ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮೇ ಹೇಳಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಾರ್ಮಿಕ ಬಂಧುಗಳೇ, ನಿಮ್ಮ ಖಾತೆಯಲ್ಲಿ ಎಷ್ಟು ಆಸನಗಳಿವೆ? ಎಣಿಸಿ ನೋಡಿ.

ಯಂತ್ರಕ್ಕೆ ಮನುಷ್ಯನನ್ನು ಬಗ್ಗಿಸಬಾರದು, ಮನುಷ್ಯನ ಮೈಗೆ ಯಂತ್ರವನ್ನು ಹೊಂದಿಸಬೇಕು ಎನ್ನುವ ಶಾಸ್ತ್ರವೇ ಒಂದಿದೆ. ಎರ್ಗೊನಾಮಿಕ್ಸ್ ಎಂದು ಅದರ ಹೆಸರು. ಗ್ರೀಕ್ ಮೂಲದಲ್ಲಿ ದುಡಿಮೆಯ ನಿಯಮ ಎಂದರ್ಥ. ಮೇಜಿನ ಎತ್ತರ, ಹೊರುವ ಭಾರ, ಬೆಳಕು, ಬಿಡುವು ಎಲ್ಲವೂ ಅದರ ವಿಷಯ. ಆದರೆ ಬೆನ್ನುನೋವು ತಪ್ಪಿಸುವ ಇದೇ ವಿದ್ಯೆಯಿಂದ ಅದೇ ಆಳಿನ ಕೈಯಲ್ಲಿ ಇನ್ನೆರಡು ಯಂತ್ರ ನೋಡಿಸುವುದೂ ಸಾಧ್ಯ. ರ‍್ಯಾಷನಲೈಸೇಷನ್ ಎಂಬ ಚೆಂದದ ಹೆಸರಿನಲ್ಲಿ ಕೆಲಸದ ಹೊರೆ ಹೇರಹೊರಟಾಗ 1955ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರು ಎರಡು ತಿಂಗಳಿಗೂ ಮೀರಿ ಮುಷ್ಕರ ಹೂಡಿದ್ದರು.

ಈಗ ಮೇಸ್ತ್ರಿಯ ಜಾಗಕ್ಕೆ ಗಣಕಯಂತ್ರ ಬರುತ್ತಿದೆ. ದೊಡ್ಡ ಗೋದಾಮುಗಳಲ್ಲಿ ಆಳಿನ ಕೈಯಲ್ಲಿರುವ ಸ್ಕ್ಯಾನರೇ ಅವನ ಮೇಲೆ ನಿಮಿಷದ ಲೆಕ್ಕ ಇಡುತ್ತದೆ. ಊಟಕ್ಕೆ, ಶೌಚಕ್ಕೆ ಬಿಡದಂಥ ಕೋಟಾ ಹೇರಕೂಡದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಕಾನೂನು ಮಾಡಿತು. ನಮ್ಮ ಕರ್ನಾಟಕದ ಶಾಸನಸಭೆಯೋ 2023ರಲ್ಲಿ ಕಾರ್ಖಾನೆಯ ದಿನವನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು! ವಾರಕ್ಕೆ 48 ಗಂಟೆಯ ಮಿತಿ ಇದೆಯಲ್ಲ ಎನ್ನುತ್ತಾರೆ. ಸೊಂಟಕ್ಕೆ ವಾರದ ಲೆಕ್ಕ ಗೊತ್ತಿಲ್ಲ. ಅದು ಆ ಹನ್ನೆರಡನೆಯ ಗಂಟೆಯಲ್ಲೇ ನೋಯುತ್ತದೆ.

ಆಳು ಕೂತರೆ ಗಿರಾಕಿಗೆ ಅಗೌರವವಾದೀತೆಂಬ ಅಳುಕು ನಮ್ಮ ವರ್ತಕ ಮಿತ್ರರಲ್ಲಿ ಕೆಲವರಿಗಿದೆ. ಅವರ ತಂದೆ ತಾತಂದಿರು ಗಾದಿಯ ಮೇಲೆ ಕೂತೇ ವ್ಯಾಪಾರ ಮಾಡಿದರು, ಗಿರಾಕಿಗಳೇನೂ ಓಡಿಹೋಗಲಿಲ್ಲ.

ಕೂಲಿ, ಬೋನಸ್ಸಿನ ಜೊತೆಗೆ ಆಸನ, ಬಿಡುವು, ಒಬ್ಬರಿಗೆ ಎಷ್ಟು ಯಂತ್ರ ಎಂಬುದನ್ನೂ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸೇರಿಸಬೇಕು. ಹೊಸ ಯಂತ್ರವನ್ನು ನೆಲಕ್ಕೆ ಬಿಗಿಯುವ ಮುನ್ನ ಅದನ್ನು ನಡೆಸುವವರನ್ನು ಕರೆದು ಕೇಳಬೇಕೆಂಬ ಕರಾರೂ ಅದರಲ್ಲಿರಲಿ.