ಸಂತೆಯ ಚೀಲದಲ್ಲಿ ಮಗುವಿನ ಪಾಲು

ಬೈಲಹೊಂಗಲದ ಸಂತೆಗೆ ಬಂದವರಿರಲಿ, ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾಯುವವರಿರಲಿ, ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಇಳಿದವರಿರಲಿ, ರಾಮದುರ್ಗದ ಬಸ್ ನಿಲ್ದಾಣದಲ್ಲಿ ನಿಂತವರಿರಲಿ, ಕಂಕುಳಲ್ಲಿ ಕೂಸಿದ್ದರೆ ಅಂಗಡಿ ಮುಂದೆ ನಡೆಯುವುದು ಒಂದೇ. ಮಾವಿನ ಹಣ್ಣಿನ ಚಿತ್ರವಿರುವ ಪೊಟ್ಟಣ ಕಣ್ಣಿಗೆ ಬೀಳುತ್ತದೆ, ಕೂಸು ಹಟ ಹಿಡಿಯುತ್ತದೆ. ‘ಹಣ್ಣಿಂದ ಐತಿ, ಕುಡೀಲಿ ಬಿಡ್ರಿ’ ಎಂದು ಹಿರಿಯರು ದುಡ್ಡು ತೆಗೆಯುತ್ತಾರೆ.

ಆ ಪೊಟ್ಟಣವನ್ನು ಒಮ್ಮೆ ಹಿಂದೆ ತಿರುಗಿಸಿ ಓದಬೇಕು. 100 ಮಿಲಿಲೀಟರಿಗೆ 13 ಗ್ರಾಂ ಸಕ್ಕರೆ ಎಂದಿದ್ದರೆ, 150 ಮಿಲಿಲೀಟರಿನ ಪೊಟ್ಟಣದಲ್ಲಿ ಸುಮಾರು 20 ಗ್ರಾಂ ಆಯಿತು; ಐದು ಚಹಾ ಚಮಚದಷ್ಟು. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 1360 ಕಿಲೋ ಕ್ಯಾಲೊರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅದರಲ್ಲಿ ಇಂಥ ಸಕ್ಕರೆಯ ಪಾಲು ಶೇ 10 ದಾಟಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. ಶೇ 5 ಎಂದರೆ 17 ಗ್ರಾಂ. ಒಂದೇ ಪೊಟ್ಟಣ ಅದನ್ನು ಮೀರಿತು.

ಮುಂಬದಿಯ ದೊಡ್ಡಕ್ಷರಗಳನ್ನು ನಂಬಬಾರದೆಂಬುದಕ್ಕೆ ಸರ್ಕಾರದ ಆದೇಶಗಳೇ ಸಾಕ್ಷಿ. ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಬೋರ್ನ್‌ವಿಟಾದಂಥ ಪುಡಿಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅದೇ ವರ್ಷದ ಜೂನ್‌ನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಪಾನೀಯದ ಮೇಲೆ ‘ಶೇ 100 ಹಣ್ಣಿನ ರಸ’ ಎಂದು ಬರೆಯುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ತಡೆಯಿತು.

ಮೂರನೆಯ ಆದೇಶದ ವಿಷಯ ಹೆಚ್ಚು ಗಂಭೀರ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರಬೇಕು. ಅದಕ್ಕಿಂತ ಎಷ್ಟೋ ಪಟ್ಟು ಸಿಹಿಯಾದ ಪಾನೀಯಗಳು ಅದೇ ಹೆಸರಲ್ಲಿ ಮಾರಾಟವಾಗುತ್ತಿದ್ದವು. ಹೆಚ್ಚು ಸಿಹಿ ಭೇದಿಯನ್ನು ಇನ್ನಷ್ಟು ಕೆರಳಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಅವುಗಳ ಮೇಲೆ ಆ ಹೆಸರು ಬಳಸುವುದನ್ನು ನಿಷೇಧಿಸಿತು. ನಿಜವಾದ ಓಆರ್‌ಎಸ್ ಪುಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ.

ಇನ್ನು ಚಹಾ. ಬಸಿಯಲ್ಲಿ ಆರಿಸಿ ಟೋಸ್ಟ್ ಅದ್ದಿ ಕೂಸಿಗೆ ತಿನ್ನಿಸುವುದು ಈ ಭಾಗದಲ್ಲಿ ಪ್ರೀತಿಯ ರೂಢಿ. ಆದರೆ ಚಹಾದ ಟ್ಯಾನಿನ್ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಹೀಗಿರುವಾಗ ಚಹಾ ದೊಡ್ಡವರಿಗೇ ಇರಲಿ.

ಹಾಗಾದರೆ ಮಗುವಿಗೆ ಕುಡಿಯಲು ಏನು ಕೊಡಬೇಕು? ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ದೊಡ್ಡ ಮಕ್ಕಳಿಗೆ ಮನೆಯಿಂದ ತಂದ ಕುದಿಸಿ ಆರಿಸಿದ ನೀರು, ಸಕ್ಕರೆ ಹಾಕದ ಹಾಲು, ತಿಳಿ ಮಜ್ಜಿಗೆ, ಜೋಳದ ಅಂಬಲಿ, ಸಿಕ್ಕಾಗ ಎಳನೀರು ಸಾಕು. ಹಣ್ಣಿನ ರಸಕ್ಕಿಂತ ಹಣ್ಣೇ ಲೇಸು. ಅದರಲ್ಲಿ ನಾರು ಉಳಿದಿರುತ್ತದೆ. ಪೊಟ್ಟಣದ ದುಡ್ಡಿಗೆ ಬಾಳೆಹಣ್ಣೋ ಪೇರಲವೋ ಬರುತ್ತದೆ.

ಮೂರು ವರ್ಷದ ಮಗು ತಾನಾಗಿ ಅಂಗಡಿಗೆ ಹೋಗಿ ಏನನ್ನೂ ಕೊಳ್ಳುವುದಿಲ್ಲ. ಅದರ ನಾಲಿಗೆಗೆ ರುಚಿ ಕಲಿಸುವವರು ತಂದೆ, ತಾಯಿ, ಅಜ್ಜ, ಅಜ್ಜಿಯರು. ಈ ವಾರ ಸಂತೆಗೆ ಹೊರಡುವಾಗ ಚೀಲದಲ್ಲಿ ಒಂದು ನೀರಿನ ಬಾಟಲಿ ಇಟ್ಟುಕೊಳ್ಳಿ. ಬರುವಾಗ ಮಗುವಿನ ಕೈಗೆ ಒಂದು ಹಣ್ಣು ಕೊಡಿ.