ಮಸೀದಿಯಲ್ಲಿ ಕುರ್ಚಿಗಳು ಯಾಕೆ ಹೆಚ್ಚುತ್ತಿವೆ?

ಮುಂದಿನ ಶುಕ್ರವಾರ ಜುಮಾಕ್ಕೆ ಹೋದಾಗ ಒಮ್ಮೆ ಸಾಲುಗಳ ಅಂಚಿಗೆ ಕಣ್ಣು ಹಾಯಿಸಿ. ನಾವು ಮದ್ರಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮಸೀದಿಯೊಳಗೆ ಒಂದೋ ಎರಡೋ ಮರದ ಸ್ಟೂಲ್ ಇರುತ್ತಿತ್ತು, ಅದೂ ತೀರಾ ಹಣ್ಣಾದ ಅಜ್ಜಂದಿರಿಗೆ. ಈಗ ಪ್ಲಾಸ್ಟಿಕ್ ಕುರ್ಚಿಗಳದ್ದೇ ಒಂದು ಸಾಲು. ಕೂತವರಲ್ಲಿ ಐವತ್ತೈದು, ಅರುವತ್ತರವರೂ ಇದ್ದಾರೆ. ಕೇಳಿದರೆ "ಮಂಡಿ ನೋವು ಮಾರಾಯ್ರೆ" ಅನ್ನುತ್ತಾರೆ.

ಆಗದವರಿಗೆ ಕೂತು ನಮಾಝ್ ಮಾಡುವ ರಿಯಾಯಿತಿ ದೀನ್‌ನಲ್ಲೇ ಇದೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನಮಾಝಿಗೆ ಕುರ್ಚಿ, ಊಟಕ್ಕೆ ಕುರ್ಚಿ, ಟಿವಿಗೆ ಕುರ್ಚಿ, ಶೌಚಕ್ಕೂ ಕುರ್ಚಿಯಂಥದ್ದೇ ಕಮೋಡ್ ಅಂತಾದರೆ ನೆಲಕ್ಕೆ ಕೂತು ಏಳುವ ಕೆಲಸ ಆ ದೇಹಕ್ಕೆ ದಿನವಿಡೀ ಒಮ್ಮೆಯೂ ಸಿಗುವುದಿಲ್ಲ. ದಿನದ ಕಡ್ಡಾಯ ನಮಾಝ್ 17 ರಕಅತ್. ನಿಂತು, ಬಾಗಿ, ಸುಜೂದಿಗೆ ಹೋಗಿ, ಮತ್ತೆ ಎದ್ದು ಮಾಡುವವರ ತೊಡೆ, ಸೊಂಟಕ್ಕೆ ಅದೊಂದು ದೊಡ್ಡ ದುಡಿಮೆಯೇ. ಡಾಕ್ಟರ್ ಬೇಡ ಅಂದವರು ಬಿಡಲಿ. ಡಾಕ್ಟರನ್ನು ಕೇಳದೆ ತಾವಾಗಿಯೇ ಕುರ್ಚಿಗೆ ಹೋದವರ ಬಗ್ಗೆ ಮಾತ್ರ ಈ ಮಾತು.

ಈ ವಿಷಯ ಬರೆಯಬೇಕೆನಿಸಿದ್ದು ಘಟ್ಟದ ಮೇಲೆ, ಅಮೃತಾಪುರದ ಕಡೆ ಹೋಗಿದ್ದಾಗ. ತರೀಕೆರೆ ತಾಲೂಕಿನ ಈ ಊರನ್ನು ಹೊರಗಿನವರು ತಿಳಿದಿರುವುದು 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನದಿಂದ. ನಮ್ಮವರಿಗೆ ಆ ಸೀಮೆ ಅಂದರೆ ಅಡಿಕೆ, ತೆಂಗು, ಸಂತೆ. ಕರಾವಳಿಯಿಂದ ಘಟ್ಟ ಹತ್ತಿದ ಬ್ಯಾರಿಗಳು ಚಿಕ್ಕಮಗಳೂರು ಜಿಲ್ಲೆಯಲ್ಲಿ ನೆಲೆ ನಿಂತದ್ದೇ ಇಂಥ ವ್ಯಾಪಾರದ ಬಲದಲ್ಲಿ. ಆ ತಲೆಮಾರು ಈಗ ಎಪ್ಪತ್ತು, ಎಂಬತ್ತರ ಅಂಚಿನಲ್ಲಿದೆ.

ಅಲ್ಲಿ ನಮಗೆ ಸಿಕ್ಕ ಹಿರಿಯರೊಬ್ಬರು ಒಂದು ಕಾಲಕ್ಕೆ ಅಡಿಕೆ ತೋಟ ಚೇಣಿಗೆ ಹಿಡಿಯುತ್ತಿದ್ದವರು. ಫಸಲು ಅಂದಾಜು ಮಾಡಲು ತೋಟದಿಂದ ತೋಟಕ್ಕೆ ನಡೆದೇ ಹೋಗುತ್ತಿದ್ದರು. ಈಗ ಮಗ ಬೈಕಿನಲ್ಲಿ ಹೋಗಿ ಮೊಬೈಲಿನಲ್ಲಿ ಫೋಟೋ ತಂದು ತೋರಿಸುತ್ತಾನೆ. ಎರಡು ವರ್ಷದ ಹಿಂದೆ ಇವರು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ. ಮನೆಯವರು ಪ್ರೀತಿಯಿಂದಲೇ ಮೂರು ವಾರ ಮಂಚದಿಂದ ಇಳಿಯಲು ಬಿಡಲಿಲ್ಲ. ಆಮೇಲೆ ಇಳಿಯಬೇಕೆಂದರೂ ಕಾಲಲ್ಲಿ ಬಲವಿರಲಿಲ್ಲ. ಈಗ ಜಗಲಿಯೇ ಅವರ ಲೋಕ. ಮಾತು ಕಡಿಮೆಯಾಗಿದೆ, ಊಟವೂ. "ವಯಸ್ಸಾಯ್ತಲ್ಲ" ಅಂದರು ಮನೆಯವರು.

ಇದು ಬರೀ ವಯಸ್ಸಿನ ಕೆಲಸ ಅಲ್ಲ. ಅಮೆರಿಕದ ವೈದ್ಯರು 2007ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆಯಲ್ಲಿ ಆರೋಗ್ಯವಾಗಿದ್ದ ಹನ್ನೆರಡು ಮಂದಿ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಇರಿಸಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಕಾಯಿಲೆ ಇರಲಿಲ್ಲ, ಬಿದ್ದಿರಲಿಲ್ಲ, ಬರೀ ಮಲಗಿದ್ದಕ್ಕೆ ಇಷ್ಟು. ಹಾಗಿದ್ದರೆ ಬಿದ್ದು ಹೆದರಿ ಮೂರು ವಾರ ಮಲಗಿದ ಎಪ್ಪತ್ತೈದರ ದೇಹದ ಗತಿ ಏನು?

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಲೆಕ್ಕವೂ ಇದೆ. 2001ರಲ್ಲಿ ಲಿಂಡಾ ಫ್ರೈಡ್ ಎಂಬ ವೈದ್ಯೆ ಮತ್ತು ಅವರ ತಂಡ ಐದು ಗುರುತು ಹೇಳಿತು. ಬೇಕೆಂದು ಇಳಿಸದಿದ್ದರೂ ತೂಕ ಇಳಿಯುವುದು, ಯಾವಾಗಲೂ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಇದ್ದರೆ ದೇಹ ಜರ್ಜರವಾಗಿದೆ ಎಂದು ಅರ್ಥ. ಒಂದೆರಡು ಇದ್ದರೆ ಆ ದಾರಿ ಹಿಡಿದಿದೆ, ಆದರೆ ಇನ್ನೂ ಹಿಂದಕ್ಕೆ ತರಬಹುದು. ಬಾಟ್ಲಿ ಮುಚ್ಚಳ ತೆಗೆಯಲಾಗದೆ ಮೊಮ್ಮಗನ ಕೈಗೆ ಕೊಡುವ ಉಮ್ಮ, ರಸ್ತೆ ದಾಟುವಾಗ ಹಿಂದೆ ಉಳಿಯುವ ಉಪ್ಪ, ಇವರನ್ನೆಲ್ಲ ನಾವು ದಿನಾ ನೋಡುತ್ತಿದ್ದೇವೆ. ನೋಡಿ ಸುಮ್ಮನಿದ್ದೇವೆ.

ಹಿಂದಕ್ಕೆ ತರಬಹುದು ಎಂಬುದು ಸಮಾಧಾನದ ಮಾತಲ್ಲ. 1990ರಲ್ಲಿ ಬೋಸ್ಟನ್ನಿನ ಹಿರಿಯರ ನಿವಾಸವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿಯಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರಲ್ಲಿ ಆಗುವುದು ಅರುವತ್ತೆಂಟರಲ್ಲಿ ಆಗದೇ?

ಇನ್ನು ಮನಸ್ಸಿನ ವಿಷಯ. ನಾವು ಹೆಚ್ಚು ಮಾತಾಡಲು ಹಿಂಜರಿಯುವುದು ಇಲ್ಲಿ. ಸುಸ್ತು, ತೂಕ ಇಳಿಯುವುದು, ನಿಧಾನವಾಗುವುದು ಖಿನ್ನತೆಯ ಲಕ್ಷಣಗಳೂ ಹೌದು. ಕಾಲು ಸೋತದ್ದಕ್ಕೆ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿದ್ದಕ್ಕೆ ಕಾಲು ಏಳುತ್ತಿಲ್ಲವೋ ಮನೆಯವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಎರಡೂ ಒಂದನ್ನೊಂದು ಎಳೆಯುತ್ತಿರುತ್ತವೆ. 2017-18ರಲ್ಲಿ ದೇಶದ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ 'ಲಾಸಿ' ಸಮೀಕ್ಷೆಯ ವರದಿ 2021ರಲ್ಲಿ ಬಂತು. ಅರುವತ್ತು ದಾಟಿದವರಲ್ಲಿ ಸುಮಾರು ಶೇ. 8 ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡಿತ್ತು. ತಮಗೆ ಆ ಕಾಯಿಲೆ ಇದೆಯೆಂದು ಡಾಕ್ಟರ್ ಹೇಳಿದ್ದಾರೆ ಅಂದವರು ಶೇ. 1ಕ್ಕಿಂತಲೂ ಕಡಿಮೆ. ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಚಿಕಿತ್ಸೆ ಹೋಗಲಿ, ಹೆಸರೇ ಇಲ್ಲದ ಸಂಕಟದಲ್ಲಿ ಕೂತಿದ್ದಾರೆ. ನಮ್ಮಲ್ಲಿ ಇದನ್ನು "ಈಮಾನ್ ಸಡಿಲಾಗಿದೆ" ಅನ್ನುವವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಹಾಗೆ ಯಾರೂ ಹೇಳುವುದಿಲ್ಲವಲ್ಲ.

ಹೆಂಗಸರ ಪರಿಸ್ಥಿತಿ ಬೇರೆಯೇ, ನಮ್ಮ ಸಮುದಾಯದ ಮಟ್ಟಿಗೆ ಇದೇ ಹೆಚ್ಚು ಗಂಭೀರ. ಗಂಡಸು ಎಷ್ಟೇ ಸೋತರೂ ಮಸೀದಿವರೆಗೆ ಹೋಗುತ್ತಾನೆ, ಅಂಗಡಿ ಕಟ್ಟೆಯಲ್ಲಿ ನಾಲ್ಕು ಮಾತಾಡುತ್ತಾನೆ. ಉಮ್ಮನಿಗೆ ಏನಿದೆ? ಒಂದು ಕಾಲಕ್ಕೆ ಬಾವಿಯಿಂದ ನೀರು ಸೇದಿ, ಕಡೆಯುವ ಕಲ್ಲಲ್ಲಿ ಅರೆದು, ನೆಲದಲ್ಲಿ ಕೂತು ಪತ್ತಿರ್ ತಟ್ಟಿದವಳು. ಮಗ ಗಲ್ಫಿನಿಂದ ಹಣ ಕಳಿಸಿದ, ಟೈಲ್ಸ್ ಹಾಕಿದ ಮನೆಯಾಯಿತು, ಮಿಕ್ಸಿ ಬಂತು, ವಾಷಿಂಗ್ ಮೆಶಿನ್ ಬಂತು. ಒಳ್ಳೆಯದೇ ಆಯಿತು. ಆದರೆ ರಾತ್ರಿ ವೀಡಿಯೊ ಕಾಲ್‌ನಲ್ಲಿ ಮಗ ಹೇಳುವ ಮಾತು ಒಂದೇ: "ಉಮ್ಮಾ, ನೀವು ಏನೂ ಮಾಡ್ಬೇಡಿ, ಕೂತ್ಕೊಳ್ಳಿ." ಸೊಸೆಯೂ ಅದನ್ನೇ ಹೇಳುತ್ತಾಳೆ. ಇಲ್ಲದಿದ್ದರೆ ಅತ್ತೆಯಿಂದ ಕೆಲಸ ಮಾಡಿಸ್ತಾಳೆ ಅಂತ ಊರು ಮಾತಾಡುತ್ತದೆ. ಹೀಗೆ ಎಲ್ಲರ ಒಳ್ಳೆಯತನ ಸೇರಿ ಒಬ್ಬ ಗಟ್ಟಿ ಹೆಂಗಸನ್ನು ಮೂಲೆಗೆ ಕೂರಿಸುತ್ತದೆ. ತನ್ನಿಂದ ಈ ಮನೆಗೆ ಏನೂ ಆಗಬೇಕಾದ್ದಿಲ್ಲ ಎಂದು ಅವಳಿಗೆ ಅನಿಸುವುದು ಆ ಹೊತ್ತಿಗೆ.

ಹೊರಗೆ ನಡೆಯಲು ಹೋಗಲಿ ಅಂದರೆ ಜಾಗವೆಲ್ಲಿ? ಹಳ್ಳಿಯ ರಸ್ತೆಯಲ್ಲಿ ಎಪ್ಪತ್ತರ ಹೆಂಗಸು ಕೆಲಸವಿಲ್ಲದೆ ನಡೆದರೆ "ಎಲ್ಲಿಗೆ, ಯಾಕೆ" ಅನ್ನುವ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಬಿಟ್ಟಿ ಬಸ್ಸು ಅಂತ ಅಣಕಿಸಿದವರು ಬಹಳ. ಆ ಟಿಕೆಟ್ ಹಿಡಿದು ತರೀಕೆರೆಗೆ ಮಗಳ ಮನೆಗೆ, ಕಡೂರಿಗೆ ತಂಗಿಯ ಮನೆಗೆ ಹೋಗಿ ಬರುವ ಹಿರಿಯ ಹೆಂಗಸರಿಗೆ ಮೆಟ್ಟಿಲು ಹತ್ತಿ ಇಳಿಯುವ ವ್ಯಾಯಾಮವೂ ಆಯಿತು, ಮನಸ್ಸು ಬಿಚ್ಚಿ ಮಾತಾಡುವುದೂ ಆಯಿತು. ನಮ್ಮ ಲೆಕ್ಕದಲ್ಲಿ ಅದು ಆರೋಗ್ಯ ಯೋಜನೆಯೂ ಹೌದು.

ಸರಕಾರಗಳು ಮುಪ್ಪನ್ನು ನೋಡುವುದು ಆಸ್ಪತ್ರೆಯ ಬಿಲ್ಲಿನ ಕಡೆಯಿಂದ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ. ವರೆಗಿನ ವಿಮೆ ಸಾರಿತು. ಸೊಂಟದ ಮೂಳೆ ಮುರಿದ ಮೇಲೆ ಅದು ಬೇಕು, ನಿಜ. ಆದರೆ ಮುರಿಯದಂತೆ ನೋಡಿಕೊಳ್ಳುವುದಕ್ಕೆ ಬೇಕಾದ ವ್ಯವಸ್ಥೆ 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಬರೆದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಅದಕ್ಕಿಂತ ಮೇಲಿನ ಆಸ್ಪತ್ರೆಗಳಲ್ಲಿ ಫಿಸಿಯೊಥೆರಪಿ. ನಮ್ಮ ಊರಿನ ಆಸ್ಪತ್ರೆಯಲ್ಲಿ ಆ ಕ್ಲಿನಿಕ್ ಯಾವ ವಾರ ಅಂತ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಜಮಾಅತ್ ಕಮಿಟಿಯ ಲೆಟರ್‌ಹೆಡ್‌ನಲ್ಲಿ ರಸ್ತೆಗೆ, ಖಬರಸ್ತಾನದ ಕಾಂಪೌಂಡಿಗೆ ಮನವಿ ಹೋಗುತ್ತದೆ. ಫಿಸಿಯೊಥೆರಪಿಸ್ಟ್ ಕೊಡಿ ಎಂಬ ಮನವಿ ಹೋದದ್ದನ್ನು ನಾವಂತೂ ಕಂಡಿಲ್ಲ.

ಹಳ್ಳಿಯ ಹಿರಿಯರನ್ನು ವಿಜ್ಞಾನವೂ ತಡವಾಗಿ ನೋಡುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಿಂದ ಕೋಲಾರದ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು ಕೆಲಸ ಮಾಡುತ್ತಿದೆ. ಅಲ್ಲಿಂದ ಬರುವ ಉತ್ತರಗಳು ನಮ್ಮ ಮನೆಗಳಿಗೂ ಮುಖ್ಯ. ಆದರೆ ಅವು ಬರುವವರೆಗೆ ಕಾಯಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: 65 ದಾಟಿದವರೂ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಅದರ ಜತೆ ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲದ ಅಭ್ಯಾಸ ಇರಬೇಕು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ವಾಕಿಂಗ್ ಒಂದೇ ಸಾಕು ಅಂದುಕೊಳ್ಳುತ್ತಾರೆ. ಹಜ್‌ಗೆ ಹೆಸರು ಕೊಟ್ಟ ಹಿರಿಯರು ಇದನ್ನು ಗಮನಿಸಬೇಕು. ಸಫಾ-ಮರ್ವಾ ನಡುವೆ ಏಳು ಸಲ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚು. ಹಣ ಕಟ್ಟಿದ ದಿನವೇ ಕಾಲಿನ ತಯಾರಿಯೂ ಶುರುವಾಗಬೇಕು.

ಊಟವೂ ಮುಖ್ಯ. ಹಲ್ಲಿಲ್ಲ, ಜೀರ್ಣವಾಗುವುದಿಲ್ಲ ಅಂತ ಹಿರಿಯರಿಗೆ ಗಂಜಿ-ಉಪ್ಪಿನಕಾಯಿಯಲ್ಲೇ ಮುಗಿಸುವ ಮನೆಗಳಿವೆ. ಗಂಜಿಯಿಂದ ಮಾಂಸಖಂಡ ಬೆಳೆಯುವುದಿಲ್ಲ. ಮೊಟ್ಟೆ, ಮೀನು, ಬೇಳೆ, ಆ ಸೀಮೆಯ ಹುರುಳಿ ಬಸಿದ ಸಾರು, ಮೆತ್ತಗೆ ಮಾಡಿ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರಲ್ಲಿ ಕೇಳಿ.

ಕುರ್ಚಿಗೇ ಹಿಂದಿರುಗೋಣ, ಅದರಿಂದ ಉಪಯೋಗವೂ ಇದೆ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ನೋಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ಲೆಕ್ಕದಲ್ಲಿ 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ನಮ್ಮ ದೇಹಕ್ಕೆ ಆ ಅಂಕಿ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದಿಲ್ಲ, ಎಚ್ಚರಿಕೆಗೆ ಸಾಕು. ಪರೀಕ್ಷೆಯೇ ವ್ಯಾಯಾಮವೂ ಹೌದು. ಅಸರ್ ಮುಗಿಸಿ ದಿನಾ ಹತ್ತು ಸಲ ಎದ್ದು ಕೂತರೆ ಶುರುವಾಯಿತು. ಮನಸ್ಸಿನ ಭಾರ ಎರಡು ವಾರ ದಾಟಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಅಮೃತಾಪುರದಿಂದ ಹೊರಡುವಾಗ ಆ ಹಿರಿಯರ ಮಗನಿಗೆ ಒಂದು ಮಾತು ಹೇಳಿ ಬಂದೆವು. ಮುಂದಿನ ಸಲ ತೋಟ ನೋಡಲು ಹೋಗುವಾಗ ಉಪ್ಪನನ್ನೂ ಕರಕೊಂಡು ಹೋಗಿ, ಬೇಲಿಯವರೆಗಾದರೂ ನಡೆಸಿ, ಫಸಲು ಎಷ್ಟಾಗಬಹುದು ಅಂತ ಅವರನ್ನೇ ಕೇಳಿ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಹಿರಿಯರು ಆಗ ಬಾಯಿ ಬಿಟ್ಟು, ಈ ವರ್ಷ ಕೊಳೆ ಬಿದ್ದಿದೆಯಾ ಅಂತ ಮಗನನ್ನು ವಿಚಾರಿಸಿದರು.