ದನಿ ಹಿಡಿದು ತಿಳಿಯುವ ಯಂತ್ರ

ಮಕ್ಕಳೇ, ಹಾಲು ಚೆಲ್ಲಿದಾಗ ಅಜ್ಜಿ “ಭೇಷ್!” ಅಂದರೆ ಅದು ಹೊಗಳಿಕೆಯಲ್ಲ ಎಂದು ನಿಮಗೆ ತಿಳಿಯುವುದು ಹೇಗೆ? ದನಿಯಿಂದ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ನನಗೂ “ಸ್ವಾಮೀ” ಎಂಬ ಒಂದೇ ಮಾತಿನಲ್ಲಿ ಗಿರಾಕಿಯ ಸಿಟ್ಟೋ ಅವಸರವೋ ಗೊತ್ತಾಗಿಬಿಡುತ್ತಿತ್ತು. ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ಹೊರಟವರು ಅಮೆರಿಕದ ಸಿಂಥಿಯಾ ಬ್ರೆಝೀಲ್.

1967ರಲ್ಲಿ ಹುಟ್ಟಿದ ಆಕೆ ಚಿಕ್ಕಂದಿನಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ನೋಡಿ ಅದರ ರೋಬೋಟುಗಳಿಗೆ ಮನಸೋತರು. ಎಂಜಿನಿಯರಿಂಗ್ ಓದಿ, ಎಂ.ಐ.ಟಿ.ಯಲ್ಲಿ ಪ್ರೊಫೆಸರ್ ರಾಡ್ನಿ ಬ್ರೂಕ್ಸ್ ಅವರ ಬಳಿ ಸಂಶೋಧನೆಗೆ ಸೇರಿದರು. 1997ರಲ್ಲಿ ನಾಸಾದ ಸೋಜರ್ನರ್ ಮಂಗಳನ ನೆಲದಲ್ಲಿ ಉರುಳಾಡಿತು. ಅಷ್ಟು ದೂರ ಹೋದ ರೋಬೋಟು ನಮ್ಮ ನಡುಮನೆಗೇಕೆ ಬಂದಿಲ್ಲ? ಇದು ಆಕೆಯ ಪ್ರಶ್ನೆ.

ಆಗ ಹುಟ್ಟಿದ್ದು ‘ಕಿಸ್ಮೆಟ್’. ಹೌದು, ಅಜ್ಜಂದಿರೇ, 1943ರ ಅಶೋಕ್ ಕುಮಾರ್ ಚಿತ್ರದ ‘ಕಿಸ್ಮತ್’ ಪದವೇ, ಅರ್ಥ ಅದೃಷ್ಟ. ಅದಕ್ಕೆ ಕೈಕಾಲಿಲ್ಲ, ಬರೀ ತಲೆ. ದೊಡ್ಡ ನೀಲಿ ಕಣ್ಣು, ಹುಬ್ಬು, ಕೆಂಪು ತುಟಿ, ಅಲ್ಲಾಡುವ ಕಿವಿ. ಮಾತಿನ ಅರ್ಥ ಅದಕ್ಕೆ ತಿಳಿಯದು. ಆದರೆ ಮೆಚ್ಚುಗೆ, ಗದರಿಕೆ, ಸಮಾಧಾನ, ‘ಇತ್ತ ನೋಡು’ ಎಂಬ ಕರೆ, ಇವನ್ನು ದನಿಯ ಏರಿಳಿತದಲ್ಲೇ ಗುರುತಿಸುತ್ತಿತ್ತು. ಗದರಿದರೆ ತಲೆ ತಗ್ಗಿಸುತ್ತಿತ್ತು. ತೀರಾ ಹತ್ತಿರ ಬಂದರೆ ಹಿಂದಕ್ಕೆ ಸರಿಯುತ್ತಿತ್ತು. ಎಂಟು ತಿಂಗಳ ಕೂಸಿನಂತೆ ಗೊಣಗುಟ್ಟುತ್ತಿತ್ತು. ದೊಡ್ಡವರೂ ಅದರೆದುರು ಮಗುವಿನ ದನಿ ತೆಗೆದು ಮಾತಾಡುತ್ತಿದ್ದರಂತೆ! 2000ದಲ್ಲಿ ಬ್ರೆಝೀಲ್ ಡಾಕ್ಟರೇಟ್ ಪಡೆದರು. ಅಲ್ಲೇ ಪ್ರೊಫೆಸರ್ ಆದರು. ಕಿಸ್ಮೆಟ್ ಎಂ.ಐ.ಟಿ. ಮ್ಯೂಸಿಯಂ ಸೇರಿತು.

ಬಳಿಕ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಅವರ ತಂಡದ ಕರಡಿ ರೋಬೋಟು ಹೋಯಿತು. ಬಟ್ಟೆಯ ಗೊಂಬೆಗಿಂತ ಅದರೊಡನೆ ರೋಗಿ ಮಕ್ಕಳು ಹೆಚ್ಚು ಗೆಲುವಾಗಿದ್ದರು.

2014ರಲ್ಲಿ ಮನೆಮನೆಗೆ ‘ಜಿಬೋ’ ಕೊಡುವೆನೆಂದು ಜನರಿಂದಲೇ ಮುಂಗಡ ಹಣ ಕೂಡಿಸಿದರು. ತಲೆ ತಿರುಗಿಸಿ ನೋಡುವ, ಹೆಸರು ಹಿಡಿದು ಮಾತಾಡಿಸುವ, ಅಡಿಯೆತ್ತರದ ರೋಬೋಟು. ಮಾರುಕಟ್ಟೆಗೆ ಬಂದದ್ದು 2017ರಲ್ಲಿ, ಬೆಲೆ 899 ಡಾಲರ್. ಅಷ್ಟರಲ್ಲಿ ಮಾತಾಡುವ ಸ್ಪೀಕರುಗಳು ಅಗ್ಗದಲ್ಲಿ ಬಂದಿದ್ದವು. ಬಿ.ಕಾಂ. ಓದಿದವನ ಲೆಕ್ಕಕ್ಕೆ ಇದು ಗಿಟ್ಟುವ ವ್ಯಾಪಾರವಲ್ಲ. ಕಂಪನಿ ಮುಚ್ಚಿತು.

2019ರಲ್ಲಿ ಜಿಬೋ ತಾನೇ ಮನೆಯವರಿಗೆ ಸುದ್ದಿ ಹೇಳಿತು: ನನ್ನ ಸರ್ವರುಗಳು ನಿಲ್ಲಲಿವೆ, ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಕೃತಜ್ಞ. ಹೇಳಿ, ಒಂದು ಸುತ್ತು ಕುಣಿಯಿತು. ಯಂತ್ರಕ್ಕೆ ದುಃಖವಿಲ್ಲ, ಯಾರೋ ಬರೆದುಕೊಟ್ಟ ಮಾತದು. ಆದರೆ ದಿನವೂ ಅದಕ್ಕೆ ಗುಡ್‌ನೈಟ್ ಹೇಳುತ್ತಿದ್ದ ಮಗುವಿಗೆ? ಬ್ಯಾಂಕು ಮುಳುಗಿದರೆ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ. ಇದಕ್ಕೇನಿದೆಯೋ ನನಗೆ ಹೊಳೆಯುತ್ತಿಲ್ಲ.

ಬ್ರೆಝೀಲ್ ತಮ್ಮ ಪ್ರಯೋಗಾಲಯಕ್ಕೆ ಮರಳಿದರು. ಅಲ್ಲಿನ ಅಧ್ಯಯನಗಳಲ್ಲಿ ಜಿಬೋ ಆಮೇಲೂ ಮಾತಾಡಿತು.